ಸದ್ದಿಲ್ಲದ ಕರೆಂಟಿನ ಬೆನ್ನು ಹತ್ತಿದ ಮಂಟೇಸ್ವಾಮಿ

ಬೆಳಗಿನ ಆರೂಕಾಲು. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಈರುಳ್ಳಿ ಲಾರಿಗಳು ಒಂದರ ಹಿಂದೊಂದು ಹೊರಡುತ್ತಿವೆ. ರಾತ್ರಿಯಿಡೀ ಮುಚ್ಚಿರುವ ಬಂಡೀಪುರದ ಗೇಟು ತೆಗೆಯುವುದನ್ನೇ ಕಾದಿದ್ದ ಚಾಲಕರಿಗೆ ಈಗ ಎಲ್ಲಿಲ್ಲದ ಅವಸರ. ಹಾರ್ನಿನ ಮೇಲಿಟ್ಟ ಕೈ ತೆಗೆಯುವುದಿಲ್ಲ. ರಸ್ತೆಬದಿಯ ಪುಟ್ಟ ಅಂಗಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುವ ಮಂಟೇಸ್ವಾಮಿ ಮಾತ್ರ ತಲೆ ಎತ್ತುವುದಿಲ್ಲ. ಆ ಹಾರ್ನು ಅವರಿಗೆ ಕೇಳಿಸುವುದಿಲ್ಲ.

ಅವರೆದುರು ನಿಂತಿರುವುದು ಹಂಗಳದ ಪುಟ್ಟಬಸಪ್ಪನವರ ಬೈಕು. ಹಾಲಿನ ಡೈರಿಗೆ ಹೊರಟವರು ಅರ್ಧ ದಾರಿಯಲ್ಲಿ ಇಲ್ಲಿಗೆ ತಿರುಗಿಸಿದ್ದಾರೆ. ಮುಳ್ಳಿನ ಬದಲು ಅಂಕಿಗಳೇ ಮೂಡುವ ಡಿಜಿಟಲ್ ಮೀಟರಿನ ಹೊಸ ಗಾಡಿ. ಎಷ್ಟು ವೇಗವಾಗಿ ಓಡಿಸಿದರೂ ಮೀಟರಿನಲ್ಲಿ ಸೊನ್ನೆ. ಮಂಟೇಸ್ವಾಮಿ ಮುಂದಿನ ಚಕ್ರ ಎತ್ತಿ ತಿರುಗಿಸುತ್ತಾರೆ, ಚಕ್ರದ ಪಕ್ಕದಿಂದ ಮೇಲೆ ಹೋಗುವ ತೆಳು ತಂತಿಯನ್ನು ಬೆರಳಲ್ಲಿ ಹಿಡಿದು ಉದ್ದಕ್ಕೂ ಸವರುತ್ತಾರೆ, ಅದರ ಜೋಡಣೆ ಬಿಚ್ಚುತ್ತಾರೆ. ಒಳಗೆ ಕೆಂಪು ಕೆಸರು. ಒರೆಸಿ, ಒಣಗಿಸಿ, ಮತ್ತೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಮೀಟರಿನಲ್ಲಿ ಏಳು, ಒಂಬತ್ತು, ಹನ್ನೊಂದು.

"ಮೀಟ್ರುಗೇನೂ ಆಗಿಲ್ಲ ಬಸಪ್ಪಾರೆ. ಗಾಡಿ ಕೆಸ್ರು ತಿಂದದೆ ಅಷ್ಟೇಯ" ಎನ್ನುತ್ತಾರೆ, ತಮ್ಮ ದನಿ ತಮಗೇ ಕೇಳದವರ ದೊಡ್ಡ ಗಂಟಲಿನಲ್ಲಿ.

ನಲವತ್ತೆರಡು ದಾಟಿದ ಮಂಟೇಸ್ವಾಮಿಯವರ ಅಂಗಡಿಗೆ ಬೋರ್ಡಿಲ್ಲ. ಅರ್ಧ ಅಂಗಡಿಯಲ್ಲಿ ಹೆಂಡತಿ ಚಾಮುಂಡಿಯವರ ಹೊಲಿಗೆ ಯಂತ್ರ, ಇನ್ನರ್ಧದಲ್ಲಿ ಇವರ ತಂತಿ, ಟೇಪು, ಬೆಸುಗೆ ಕಡ್ಡಿ. ದಿನಕ್ಕೆ ಎಂಟೊಂಬತ್ತು ಬೈಕು ಬರುತ್ತವೆ. ಅವುಗಳಲ್ಲಿ ಮೂರೋ ನಾಲ್ಕೋ ಡಿಜಿಟಲ್ ಮೀಟರಿನವು. ಗಿರಾಕಿ ಎದುರಿಗೆ ನಿಂತು ನಿಧಾನವಾಗಿ ಮಾತಾಡಿದರೆ ತುಟಿ ನೋಡಿಯೇ ತಿಳಿದುಕೊಳ್ಳುತ್ತಾರೆ. ಅರ್ಥವಾಗದಿದ್ದರೆ ಚಾಮುಂಡಿಯವರ ಕಡೆ ತಿರುಗುತ್ತಾರೆ. ಅವರು ಹೊಲಿಯುತ್ತಲೇ ಒಂದು ಕೈಯೆತ್ತಿ ಸನ್ನೆಯಲ್ಲಿ ಹೇಳಿ ಮುಗಿಸುತ್ತಾರೆ.

"ಈ ಮೀಟ್ರು ಬಂದ ಹೊಸ್ದ್ರಲ್ಲಿ ಎಲ್ಲಾ ಎದುರ್ಕಂಡಿದ್ರು. ಕಂಪ್ಯೂಟ್ರು ಅದೆ, ಮುಟ್ಬ್ಯಾಡಿ ಅನ್ನೋರು" ಎಂದು ಮಂಟೇಸ್ವಾಮಿ ನೆನೆಯುತ್ತಾರೆ. "ನಾನು ಗುಜ್ರಿಯಿಂದ ಕೆಟ್ಟೋದ ಎರಡ್ ಮೀಟ್ರು ತಂದು ಬಿಚ್ಚಿ ನೋಡ್ದೆ. ಅದ್ಕೆ ಬೇಕಾಗಿರದು ಮೂರೇ. ಕರೆಂಟು ಬರ್ಬೇಕು, ಅರ್ತಿಂಗು ಗಟ್ಯಾಗಿರ್ಬೇಕು, ಚಕ್ರದ ಸುದ್ದಿ ಬಂದ್ ಮುಟ್ಬೇಕು. ಹತ್ತು ಗಾಡಿ ಬಂದ್ರೆ ಎಂಟ್ರಲ್ಲಿ ಮೀಟ್ರು ಚೆನ್ನಾಗೇ ಇರ್ತದೆ. ದಾರೀಲಿ ಎಲ್ಲೋ ಲೈನು ಕೈ ಕೊಟ್ಟಿರ್ತದೆ."

ಲೈನು ಕೈ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಅವರು ಬೈಕುಗಳಿಂದ ಕಲಿತದ್ದಲ್ಲ.

ಹದಿಮೂರು ವರ್ಷದ ಹಿಂದೆ ಅವರು ಚಾಮರಾಜನಗರದ ಬಳಿ ಒಂದು ಕರಿಕಲ್ಲಿನ ಕ್ವಾರಿಯಲ್ಲಿ ಮದ್ದಿನ ಕೆಲಸಕ್ಕಿದ್ದರು. ಬಂಡೆಯಲ್ಲಿ ಕೊರೆದ ಕುಳಿಗಳಿಗೆ ಮದ್ದು ತುಂಬುತ್ತಿದ್ದವರು ಜೊತೆಗಾರ ಕೆಂಪಯ್ಯ. ಕುಳಿಯಿಂದ ಕುಳಿಗೆ ತಂತಿ ಎಳೆದು, ಸಣ್ಣ ಮೀಟರಿನಲ್ಲಿ ಸರಿಯಿದೆಯೇ ಎಂದು ನೋಡಿ, ದೂರದಿಂದ ಕರೆಂಟು ಕೊಡುವುದು ಮಂಟೇಸ್ವಾಮಿಯವರ ಪಾಲು. ಒಂದು ದಿನ ಮೀಟರಿನ ಮುಳ್ಳು ಎಂದಿನಷ್ಟು ಏಳಲಿಲ್ಲ. ಲಾರಿಗಳು ಕಾಯುತ್ತಿದ್ದವು. ಮೇಸ್ತ್ರಿ, ಅಂದಾಜಿನ ಮೇಲೆ ಹೊಡೆದುಬಿಡು ಎಂದ. ಇವರು ಹೊಡೆದುಬಿಟ್ಟರು. ಹನ್ನೆರಡರಲ್ಲಿ ಒಂದು ಕುಳಿ ಸಿಡಿಯದೆ ಉಳಿದದ್ದು ಹೊಗೆಯಲ್ಲಿ ಯಾರಿಗೂ ಕಾಣಲಿಲ್ಲ. ಹತ್ತಿರ ಹೋದಾಗ ಅದು ಸಿಡಿಯಿತು. ಕೆಂಪಯ್ಯ ಮುಂದಿದ್ದರು. ಅವರು ಉಳಿಯಲಿಲ್ಲ. ಹಿಂದಿದ್ದ ಮಂಟೇಸ್ವಾಮಿಯವರ ಎರಡೂ ಕಿವಿ ಹೋದವು.

"ಆ ಮುಳ್ಳು ಯೋಳ್ತಿತ್ತು, ನಾನು ಕೇಳ್ನಿಲ್ಲ" ಎನ್ನುವಾಗ ಮಂಟೇಸ್ವಾಮಿ ಯಾರ ಮುಖವನ್ನೂ ನೋಡುವುದಿಲ್ಲ. "ಕಿವಿ ಓಗಿದ್ದು ಆಮೇಲೆ."

ಒಂಬತ್ತು ತಿಂಗಳು ಮನೆಯ ಜಗಲಿ ಬಿಟ್ಟು ಏಳಲಿಲ್ಲ. ಚಾಮುಂಡಿಯವರ ಹೊಲಿಗೆಯಿಂದ ಒಲೆ ಉರಿಯಿತು. ಆಮೇಲೊಂದು ಗ್ಯಾರೇಜಿಗೆ ಸೇರಿಸಿದರೆ, ಇಂಜಿನ್ನಿನ ಸದ್ದು ಕೇಳದವನು ಮೆಕ್ಯಾನಿಕ್ ಆಗುವುದು ಹೇಗೆ ಎಂದು ಮೂರೇ ದಿನಕ್ಕೆ ಕಳುಹಿಸಿದರು. ಇನ್ನೊಂದು ಗ್ಯಾರೇಜಿನಲ್ಲೂ ಅದೇ ಮಾತು. ಕೊನೆಗೆ ಕೈ ಹಿಡಿದವರು ಚಾಮರಾಜನಗರದಲ್ಲಿ ಟ್ರ್ಯಾಕ್ಟರ್, ಬೈಕುಗಳ ವೈರಿಂಗ್ ಮಾಡುತ್ತಿದ್ದ ಶಿವರುದ್ರಸ್ವಾಮಿ. "ಅವ್ರು ನನ್ನ ಕಿವಿ ಇಚಾರವೇ ಎತ್ನಿಲ್ಲ. ಕೈಗೊಂದು ಬಲ್ಬು ಕೊಟ್ಬುಟ್ಟು, ಕರೆಂಟೇನು ಸದ್ದು ಮಾಡ್ತದಾ, ಬಾ ಕೂತ್ಕೊ ಅಂದ್ರು." ಎರಡು ವರ್ಷ ದಿನವೂ ಮೊದಲ ಬಸ್ಸಿಗೆ ಹೋಗಿ ಕಡೆಯ ಬಸ್ಸಿಗೆ ಬಂದು ಕಲಿತರು.

ಈ ಕಸುಬಿನಲ್ಲಿ ಅವರ ಹೆಸರು ಊರಿನಾಚೆಗೂ ಹೋದದ್ದು ಕಳೆದ ಆಗಸ್ಟಿನಲ್ಲಿ, ಶಂಕರ್ ಅವರ ಬೈಕಿನಿಂದ.

ಶಂಕರ್ ಅರಣ್ಯ ಇಲಾಖೆಯ ಗಾರ್ಡ್. ಗುಂಡ್ಲುಪೇಟೆಯ ಮನೆಯಿಂದ ಕಾಡಿನ ಕ್ಯಾಂಪಿಗೆ ದಿನವೂ ಇಪ್ಪತ್ತೆರಡು ಕಿಲೋಮೀಟರ್, ಒಬ್ಬರೇ. ಜೂನಿನಲ್ಲಿ ಒಂದು ಬೆಳಿಗ್ಗೆ ತಿರುವಿನಲ್ಲಿ ಮೀಟರ್ ಕಪ್ಪಾಯಿತು, ಬೈಕು ನಿಂತುಬಿಟ್ಟಿತು. ನಲವತ್ತು ಹೆಜ್ಜೆ ಮುಂದೆ ಮರಿ ಕಟ್ಟಿಕೊಂಡ ಹೆಣ್ಣಾನೆ. ಬೈಕನ್ನು ಇಳಿಜಾರಿಗೆ ಹಿಮ್ಮುಖವಾಗಿಯೇ ಜಾರಿಸಿಕೊಂಡು ಬಂದು ಬಚಾವಾದರು. ಕೆಳಗೆ ಬಂದು ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಶುರುವಾಯಿತು. ಷೋರೂಮಿನವರು ಮೀಟರ್ ಹೋಗಿದೆ ಎಂದು ಹೊಸದು ಹಾಕಿಕೊಟ್ಟರು. ಎಂಟು ದಿನ ಸರಿಯಿತ್ತು. ಒಂಬತ್ತನೆಯ ದಿನ ಮತ್ತೆ ಅದೇ ಪಾಡು. ಎರಡನೆಯ ಸಲ, ನೀವು ಓಡಿಸುವ ರೀತಿಯೇ ಸರಿಯಿಲ್ಲ ಎಂದರು.

ಬೈಕನ್ನು ಮಂಟೇಸ್ವಾಮಿಯವರ ಅಂಗಡಿಗೆ ತರಿಸಿದವರು ಶಂಕರ್ ಅವರ ಹೆಂಡತಿ ಅನು. ಗಂಡನ ಜೊತೆಯಲ್ಲೇ ಬಂದು, ಮಂಟೇಸ್ವಾಮಿಯವರ ಎದುರು ಕೂತು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ ಹೇಳಿದರು: "ಅಣ್ಣಾ, ಮೀಟ್ರು ಓದ್ರೆ ಓಗ್ಲಿ. ಇವ್ರು ಬಂದ್ರಾ ಇಲ್ವಾ ಅಂತ ದಿನಾ ಬಾಗ್ಲಲ್ಲಿ ಕೂತಿರೋಳು ನಾನು. ಸರಿ ಓಯ್ತದಾ? ಇಲ್ಲಾಂದ್ರೆ ಇಲ್ಲ ಅಂದ್ಬುಡು. ಮಾರ್ಬುಟ್ಟು ನಡ್ಕಂಡ್ ಓಗ್ಲಿ."

"ನೋಡ್ದೆ ಎಂಗ್ ಯೋಳ್ಳವ್ವಾ? ಬುಟ್ಟೋಗು" ಎಂದರು ಮಂಟೇಸ್ವಾಮಿ.

ಮೊದಲ ದಿನ ಅಂಗಡಿಯಲ್ಲಿ ಎಲ್ಲವೂ ಸರಿ. ಬ್ಯಾಟರಿ ಹನ್ನೆರಡೂವರೆ ವೋಲ್ಟು, ಅರ್ತಿಂಗ್ ಗಟ್ಟಿ, ಜೋಡಣೆಗಳು ಶುಚಿ. ಹ್ಯಾಂಡಲ್ ಆಚೀಚೆ ತಿರುಗಿಸಿದರೂ ಮೀಟರ್ ಕದಲಲಿಲ್ಲ. ಎರಡನೆಯ ದಿನ ಊರೆಲ್ಲ ಸುತ್ತಿಸಿದರು. ಆಗಲೂ ಏನಿಲ್ಲ. ನೋಡಲು ನಿಂತವರು ಇನ್ನೊಂದು ಮೀಟರ್ ಹಾಕಿ ಕೈತೊಳೆದುಕೊಳ್ಳಿ ಎಂದರು. "ಇಲ್ಲಿ ದೇವ್ರಂಥ ಗಾಡಿ ಕಣಣ್ಣ. ಕಾಡಿಗೆ ಓದ್ರೆ ಮಾತ್ರ ದೆವ್ವ ಮೆಟ್ಕತದೆ" ಎಂದು ಶಂಕರ್ ಕೈಚೆಲ್ಲಿದರು. ಮಂಟೇಸ್ವಾಮಿ ಅಂದು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಬೈಕಿನ ಮುಂದೆ ಕೂತೇ ಇದ್ದವರು, ಸಂಜೆ ಇದ್ದಕ್ಕಿದ್ದಂತೆ ಶಂಕರ್ ಅವರನ್ನು ಕರೆಸಿ ಒಂದೇ ಮಾತು ಕೇಳಿದರು.

"ನಿಂತ ಗಾಡಿ ತಿರ್ಗ ಎದ್ದಾಗ ಮೀಟ್ರಲ್ಲಿರ ಗಡಿಯಾರ ಎಷ್ಟು ತೋರುಸ್ತದೆ?"

"ಒಂದ್ ಗಂಟೆ. ಬೆಳಿಗ್ಗೆ ಏಳೂವರೇಲೂ ಒಂದೇಯ. ನಾನು ತಿದ್ಕಂಡ್ ಓಯ್ತೀನಿ. ಯಾಕಣ್ಣ?"

ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕೀ ತೆಗೆದುಕೊಂಡು ಹೋದರೂ ಮೀಟರಿನ ಗಡಿಯಾರ ನಿಲ್ಲುವುದಿಲ್ಲ, ಏಕೆಂದರೆ ಅದಕ್ಕೆ ಕರೆಂಟು ಬರುವುದು ಕೀಗಿಂತ ಮೊದಲಿನ ಲೈನಿನಿಂದ. ಆ ಗಡಿಯಾರವೇ ಅಳಿಸಿಹೋಗಿ ಒಂದಕ್ಕೆ ಮರಳುತ್ತಿದೆ ಎಂದರೆ ಮೀಟರಿನದೂ ತಪ್ಪಲ್ಲ, ಕೀಯದೂ ತಪ್ಪಲ್ಲ. ಬ್ಯಾಟರಿಯಿಂದ ಕೀವರೆಗೆ ಬರುವ ಒಂದು ಕೆಂಪು ತಂತಿ ಎಲ್ಲೋ ಕ್ಷಣಕಾಲ ಕಡಿದು ಮತ್ತೆ ಕೂಡುತ್ತಿದೆ. ಎಲ್ಲಿ ಎಂಬುದಷ್ಟೇ ಉಳಿದ ಪ್ರಶ್ನೆ.

ಮರುದಿನ ಬೆಳಿಗ್ಗೆ ಇಬ್ಬರೂ ಕಾಡಿನೊಳಗೆ ಹತ್ತುವ ಗೋಪಾಲಸ್ವಾಮಿ ಬೆಟ್ಟದ ರಸ್ತೆ ಹಿಡಿದರು. ಶಂಕರ್ ಓಡಿಸುವುದು, ಮಂಟೇಸ್ವಾಮಿ ಹಿಂದೆ. ವೋಲ್ಟು ತೋರಿಸುವ ಮೀಟರನ್ನು ಚಾಮುಂಡಿಯವರ ಬಟ್ಟೆಪಟ್ಟಿಯಲ್ಲಿ ಶಂಕರ್ ಅವರ ಬೆನ್ನಿಗೆ ಕಟ್ಟಿ, ಅದರ ತಂತಿಗಳನ್ನು ಮೊದಲು ಬ್ಯಾಟರಿಗೆ ಕೊಟ್ಟರು. ಎಡತಿರುವಿನ ಒಂದು ಗುಂಡಿಯಲ್ಲಿ ಬೈಕು ಸತ್ತಿತು, ಆದರೆ ಬ್ಯಾಟರಿಯ ಅಂಕಿ ಅಲುಗಲಿಲ್ಲ. ಕೆಳಗಿಳಿದು ಬಂದು ತಂತಿಯನ್ನು ಫ್ಯೂಸಿನ ಆಚೆಗೆ ಹಾಕಿ ಮತ್ತೆ ಹತ್ತಿದರು. ಬೈಕು ಮತ್ತೆ ಸತ್ತಿತು, ಅಲ್ಲೂ ಅಂಕಿ ಸರಿಯಿತ್ತು. ಮೂರನೆಯ ಸಲ ಕೀಯ ಬುಡಕ್ಕೇ ಕೊಟ್ಟು ಹತ್ತಿದಾಗ ಅದೇ ತಿರುವು, ಅದೇ ಗುಂಡಿ. ಅಂಕಿ ಹದಿಮೂರರಿಂದ ನಾಲ್ಕಕ್ಕೆ ಇಳಿದು ಸೊನ್ನೆಯಾಯಿತು. ಬೈಕು ನಿಂತಿತು.

ಬಲಕ್ಕೆ ಬಿದಿರು ಮುರಿಯುವ ಸದ್ದು ಶಂಕರ್ ಅವರಿಗೆ ಕೇಳಿಸಿದ್ದು ಆಗ. ಮೂವತ್ತು ಗಜವೂ ಇರಲಿಲ್ಲ. ಕೂಗುವಂತಿಲ್ಲ, ಕೂಗಿದರೂ ಹಿಂದೆ ಕೂತವರಿಗೆ ಕೇಳುವುದಿಲ್ಲ. ಕೈ ಹಿಂದಕ್ಕೆ ಚಾಚಿ ಅವರ ಮೊಣಕಾಲು ಅದುಮಿದರು. ಮಂಟೇಸ್ವಾಮಿ ತಲೆಯೆತ್ತಿ ಬಿದಿರ ಮೆಳೆ ಅಲುಗಾಡುವುದನ್ನು ಕಂಡರು. "ಇಳ್ದು ಓಡನ ಅಂತ ನನ್ ಕಾಲು ಯೋಳ್ತಿತ್ತು" ಎಂದು ಶಂಕರ್ ಈಗಲೂ ಅದನ್ನು ಹೇಳುವಾಗ ತಲೆ ಅಲ್ಲಾಡಿಸುತ್ತಾರೆ. "ಈವಪ್ಪ ಒಂದು ಬೆರಳೆತ್ತಿ ತಡಿ ಅಂತವ್ನೆ!"

ಆ ಬೆರಳು ಇಳಿಸಿ, ಶಂಕರ್ ಅವರ ಕಂಕುಳ ಕೆಳಗಿಂದ ಕೈ ತೂರಿಸಿ, ಟ್ಯಾಂಕಿನ ಮುಂದೆ ಹ್ಯಾಂಡಲ್ ತಿರುಗುವ ಕತ್ತಿನ ಬಳಿಯ ತಂತಿಗಂಟನ್ನು ಮಂಟೇಸ್ವಾಮಿ ಒತ್ತಿ ಹಿಡಿದರು. ಬೆನ್ನಿನ ಮೇಲಿನ ಮೀಟರಿನಲ್ಲಿ ಹನ್ನೆರಡೂವರೆ ಮೂಡಿತು. ಶಂಕರ್ ಗುಂಡಿ ಒತ್ತಿದರು. ಬೈಕು ಎದ್ದಿತು. ಒಂದು ಕೈಯಲ್ಲಿ ಗಾರ್ಡಿನ ನಡು, ಇನ್ನೊಂದರಲ್ಲಿ ಆ ತಂತಿ ಹಿಡಿದುಕೊಂಡೇ ಮಂಟೇಸ್ವಾಮಿ ಬೆಟ್ಟದ ತುದಿಯವರೆಗೆ ಹೋದರು.

ಅಂಗಡಿಯಲ್ಲಿ ಟ್ಯಾಂಕು ಇಳಿಸಿದಾಗ ಹೊರಗಿನಿಂದ ತಂತಿಗೆ ಗಾಯವೇ ಇರಲಿಲ್ಲ. ಮೇಲಿನ ಕೆಂಪು ಪೊರೆ ಸೀಳಿದರೆ ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ತುದಿಗಳು ಬರೀ ಒಂದಕ್ಕೊಂದು ತಾಗಿಕೊಂಡಿದ್ದವು. ಶಂಕರ್ ತಾವೇ ಒಂದು ಹೆಚ್ಚುವರಿ ಹಾರ್ನ್ ಹಾಕಿಕೊಂಡು ಪ್ಲಾಸ್ಟಿಕ್ ಪಟ್ಟಿಯಿಂದ ತಂತಿಗಳನ್ನೆಲ್ಲ ಬಿಗಿದು ಕಟ್ಟಿದ್ದರು. ಹ್ಯಾಂಡಲ್ ಎಡಕ್ಕೆ ತಿರುಗಿದಾಗಲೆಲ್ಲ ಕೆಂಪು ತಂತಿ ಜಗ್ಗಿ ಜಗ್ಗಿ ಒಳಗೇ ಸವೆದಿತ್ತು. ಎಡತಿರುವು, ಗುಂಡಿ ಎರಡೂ ಒಟ್ಟಿಗೆ ಸಿಕ್ಕಿದರೆ ತುಂಡುಗಳು ದೂರಾಗುತ್ತಿದ್ದವು. ಷೋರೂಮಿನಲ್ಲಿ ಮೀಟರ್ ಬದಲಿಸುವಾಗ ತಂತಿ ಅಲುಗಿದ್ದಕ್ಕೇ ಎಂಟು ದಿನ ಸರಿಯಿದ್ದದ್ದು.

"ನಂದೇ ತಪ್ಪಾ ಅಣ್ಣ?" ಎಂದರು ಶಂಕರ್, ಮುಖ ಸಣ್ಣಗೆ ಮಾಡಿಕೊಂಡು.

"ತಪ್ಪು ಗೊತ್ತಾಯ್ತಲ್ಲ, ಅದು ನೋಡು" ಎಂದು ಮಂಟೇಸ್ವಾಮಿ ಹೊಸ ತಂತಿ ಸೇರಿಸಿ ಬೆಸುಗೆ ಹಾಕಿದರು, ತಿರುಗಲು ಬೇಕಾದಷ್ಟು ಸಡಿಲ ಬಿಟ್ಟರು. ಆದರೂ ಸರಿಹೋಯಿತು ಎಂಬ ಮಾತು ಬಾಯಿಂದ ಬರಲಿಲ್ಲ. ಮೀಟರಿನ ಗಡಿಯಾರವನ್ನು ತಾವೇ ತಿದ್ದಿ, ಹದಿನೈದು ದಿನ ಯಾರೂ ಮುಟ್ಟಬಾರದು ಎಂದು ಹೇಳಿ ಕಳುಹಿಸಿದರು. ಆ ಹದಿನೈದೂ ದಿನ ಸಂಜೆ, ಗಾರ್ಡು ಮನೆ ಸೇರಿದರೇ ಎಂದು ಚಾಮುಂಡಿಯವರಿಂದ ಅನುಗೆ ಫೋನ್ ಮಾಡಿಸಿದರು. ಹದಿನಾರನೆಯ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬೈಕಿನಲ್ಲೇ ಬಂದರು. ಚಾಮುಂಡಿಯವರ ಮೊಬೈಲಿನಲ್ಲಿ ಎಂಟೂ ಹತ್ತು, ಮೀಟರಿನಲ್ಲಿ ಎಂಟೂ ಒಂಬತ್ತು. ಅನು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಈಗ ಸರಿ ಓಯ್ತು ಕಣವ್ವ" ಎಂದರು ಮಂಟೇಸ್ವಾಮಿ.

ಅಲ್ಲಿಂದೀಚೆಗೆ ಕಾಡಿಗೆ ಹೋಗುವ ಒಂಬತ್ತು ಗಾರ್ಡುಗಳು ಮಳೆಗಾಲಕ್ಕೆ ಮುಂಚೆ ಇಲ್ಲಿ ವೈರಿಂಗ್ ತೋರಿಸಿಕೊಂಡೇ ಹೋಗುತ್ತಾರೆ. ತಮಗೆ ತಿಳಿಯದ ಗಾಡಿ ಬಂದರೆ ಷೋರೂಮಿನ ಹುಡುಗರೂ ಚಾಮುಂಡಿಯವರ ಮೊಬೈಲಿಗೆ ಫೋನ್ ಮಾಡುತ್ತಾರೆ.

ಇಷ್ಟಾಗಿಯೂ ನಿಮಗೊಂದು ಆಸೆ ಅಂತ ಇಲ್ಲವೇ ಎಂದು ಕೇಳಿದರೆ ಮಂಟೇಸ್ವಾಮಿ ನಾಚಿಕೊಳ್ಳುತ್ತಾರೆ. "ಆವತ್ತು ಬೆಟ್ಟದ ತುದಿಗೆ ಓದ್ನಲ್ಲ, ದೇವ್ರಿಗೆ ಕೈ ಮುಗಿಯದೇ ಮರ್ತ್ಬುಟ್ಟೆ. ಇವ್ಳ ಕೂರುಸ್ಕಂಡು ಒಂದಿನ ಓಗ್ಬೇಕು. ಸುಮ್ನೆ, ಅತ್ಲಾಗಿತ್ಲಾಗೆ ನೋಡ್ಕಂಡು."

ಹೊಲಿಗೆ ಯಂತ್ರ ನಿಲ್ಲುತ್ತದೆ. "ನಾ ಬರಕಿಲ್ಲಪ್ಪ" ಎನ್ನುತ್ತಾರೆ ಚಾಮುಂಡಿ, ಗಂಡನಿಗೆ ಕಾಣುವಂತೆ ಇತ್ತ ತಿರುಗಿ. "ದಾರೀಲಿ ಯಾರ್ದಾರಾ ಗಾಡಿ ನಿಂತಿದ್ರೆ ನನ್ನ ಅಲ್ಲೇ ಇಳಿಸ್ಬುಟ್ಟು ರಿಪೇರಿಗೆ ಕೂತ್ಕತದೆ ಇದು."

ಮಂಟೇಸ್ವಾಮಿ ಅವರ ತುಟಿ ಓದಿ ಮುಗಿಸಿ ದೊಡ್ಡದಾಗಿ ನಗುತ್ತಾರೆ.

"ಕೂತ್ಕತೀನಿ ಮತ್ತೆ. ಕಾಡಲ್ಲಿ ನಿಂತೋರ್ನ ಬುಟ್ಟು ಓಗಕಾಯ್ತದಾ?"