ಮೇಲಂತಸ್ತಿನ ಕಿಟಕಿ

ಚಾಮರಾಜಪೇಟೆಯ ನಮ್ಮ ಹೋಟೆಲಿನಲ್ಲಿ ಶಿವರುದ್ರಪ್ಪನವರು ಬಂದು ಕೂತರೆ ಯಾರಿಗೂ ನೆಮ್ಮದಿಯಾಗಿ ದೋಸೆ ಇಳಿಯುವುದಿಲ್ಲ. ಹಳೆಯ ಡಬಲ್ ಡೆಕ್ಕರ್ ಬಸ್ಸುಗಳ ಬದಲು ಹೊಸವು ಬರುತ್ತವೆಂದು ಪೇಪರಿನಲ್ಲಿ ಓದಿದಂದಿನಿಂದ ಈ ಮನುಷ್ಯ ಲೋಟದ ಮೇಲೆ ಲೋಟವಿಟ್ಟು ತೋರಿಸುತ್ತ ಮೇಜು ಗುದ್ದುತ್ತಾರೆ. "ಮೇಲ್ಗಡೆ ಕಿಟಕಿ ತೆಗೆಯೋಕೇ ಆಗಲ್ವಂತೆ ಕಣ್ರೀ! ಪೂರ್ತಿ ಗಾಜು! ಅದಕ್ಕೆ ಖರ್ಚು ಬೇರೆ ಜಾಸ್ತಿ! ಯಾರಪ್ಪನ ಮನೆ ಗಂಟು?" ಧೂಳು ಬರುವುದಿಲ್ಲವಲ್ಲ ಎಂದು ಯಾರಾದರೂ ಅಂದರೆ ಮುಗಿಯಿತು, "ನೀನು ಬಸ್ಸಲ್ಲಿ ಹೋಗ್ತೀಯೋ, ಮೀನಿನ ತೊಟ್ಟೀಲೋ?" ಎಂದು ಮೈಮೇಲೆ ಬೀಳುತ್ತಾರೆ. ನನಗೂ ಮೂಗಿನ ತುದಿಯಲ್ಲೇ ಕೋಪ. ಒಂದು ದಿನ ಈ ಜಗಳ ಮುಗಿಸಿಯೇಬಿಡೋಣವೆಂದು ಅವರ ಮನೆಯ ಮಹಡಿ ಹತ್ತಿದೆ. ಹಾಸಿಗೆ ಹಿಡಿದಿರುವ ಅವರ ಹೆಂಡತಿ ರುದ್ರಾಣಮ್ಮ ರಸ್ತೆ ಕಡೆಯ ಕಿಟಕಿಗೆ ಮುಖ ಮಾಡಿ ಮಲಗಿದ್ದರು. ಹಳೆಯ ಡಬಲ್ ಡೆಕ್ಕರ್ ಒಂದು ಮನೆ ಮುಂದಿನ ಸ್ಟಾಪಿಗೆ ಬಂದು ನಿಂತಿತು. ಅದರ ಮೇಲಂತಸ್ತಿನ ಕಿಟಕಿಯಿಂದ ಯಾರೋ ಹೆಂಗಸು ತಲೆ ಹೊರಗೆ ಹಾಕಿ ಕೂಗಿದಳು: "ರುದ್ರಾಣಮ್ಮಾ, ಕಾಫಿ ಆಯ್ತಾ?" "ಆಯ್ತಮ್ಮಾ, ನಿಂದು?" ಬಸ್ಸು ಹೊರಟ ಮೇಲೆ ರುದ್ರಾಣಮ್ಮ ನನ್ನತ್ತ ತಿರುಗಿ ನಕ್ಕರು. "ಮನೇಗೆ ಯಾರೂ ಬರಲ್ಲ ಕಣಪ್ಪ. ದಿನಾ ಬಸ್ಸೇ ಬಂದು ವಿಚಾರಿಸ್ಕೊಂಡು ಹೋಗುತ್ತೆ." ಮರುದಿನದಿಂದ ಆ ಮೇಜನ್ನು ಇಬ್ಬರು ಗುದ್ದುತ್ತಿದ್ದೇವೆ, ಲೋಟದ ಮೇಲೆ ಲೋಟ ನಿಲ್ಲುತ್ತಲೇ ಇಲ್ಲ.