ಹೊಲಕ್ಕೆ ಉಡಿಸಿದ ಸೀರೆಗಳು

ನಮ್ಮ ಅಣ್ಣನಿಗೆ ಭೂಮಿತಾಯಿಯ ಮೇಲೆ ದಿಢೀರನೆ ಪ್ರೀತಿ ಹುಟ್ಟಿದ್ದು ಮೊಬೈಲ್ ನೋಡಿ. ಅಲ್ಲಿಯವರೆಗೆ ಔರಾದ ಹತ್ತಿರದ ನಮ್ಮ ಹೊಲಕ್ಕೆ ಎಲ್ಲರಂತೆ ಚೀಲದ ಗೊಬ್ಬರ ಸುರಿದು, ಔಷಧ ಹೊಡೆದು ಸುಮ್ಮನಿದ್ದವನು, ಒಂದು ಬೇಸಿಗೆಯಲ್ಲಿ ಅಂಗಳಕ್ಕೆ ನೀಲಿ ಡ್ರಮ್ ತಂದಿಟ್ಟು ಸಗಣಿ, ಗಂಜಲ, ಬೆಲ್ಲ, ಕಡಲೆಹಿಟ್ಟು ಕಲಸತೊಡಗಿದ. ಒಂದು ಈರುಳ್ಳಿ ಹೆಚ್ಚಿ ಹಾಕಿದ್ದರೆ ಭಜಿ ಕರಿಯಬಹುದಿತ್ತು. ನಮ್ಮ ಮನೆ ಹೊಲದಲ್ಲೇ ಇದೆ. ನೌಬಾದದ ಗಂಡನ ಮನೆಯಿಂದ ರಜೆಗೆ ಹೋದಾಗಲೆಲ್ಲ ನಾನು ಒಂದು ಕೈಯಲ್ಲಿ ಮೂಗು ಹಿಡಿದೇ ಊಟ ಮಾಡುತ್ತಿದ್ದೆ.

ಅಪ್ಪ ಹೋದಮೇಲೆ ಹೊಲದಲ್ಲಿ ನಡೆಯುವುದು ಅವ್ವನ ಮಾತು. ಅವಳು ಅಣ್ಣನಿಗೆ ಒಂದೇ ವರ್ಷದ ಅವಕಾಶ ಕೊಟ್ಟಳು.

"ಈ ಸಲ ತೊಗರಿ ಬರೋಬರ್ ಬಂತಂದ್ರ ನೀ ಹೇಳ್ದಾಂಗ. ಇಲ್ಲಂದ್ರ ಆ ಡ್ರಮ್ ತಿಪ್ಪಿಗಿ ಒಗದು, ಸುಮ್ಮ ಗೊಬ್ಬರದ ಅಂಗಡಿಗಿ ನಡಿ."

ಅಣ್ಣ ಒಪ್ಪಿದ. ತೊಗರಿಯ ನಡುವೆ ಹೆಸರು, ಜೋಳ ಬಿತ್ತಿದ. ಕಸಕಡ್ಡಿ ಸುಡದೆ ಸಾಲುಗಳಿಗೆ ಹಾಸಿದ. ಹಳ್ಳದ ದಂಡೆಯ ಪಟ್ಟಿಯನ್ನು ಉಳದೆ ಹುಲ್ಲಿಗೆ ಬಿಟ್ಟ. ಮಣ್ಣು ಕೊಚ್ಚಿಹೋಗುವುದಿಲ್ಲ, ಹಕ್ಕಿ ಬಂದು ಹುಳ ತಿನ್ನುತ್ತವೆ ಎಂದು ಭಾಷಣ ಬಿಗಿದ. ಹಕ್ಕಿ ಬಂದವೋ ಇಲ್ಲವೋ, ಜಿಂಕೆಗಳಂತೂ ಬಂದವು, ನಮ್ಮ ಮಾತಿನಲ್ಲಿ ಚಿಗರಿ. ಹುಲ್ಲಿನಲ್ಲಿ ಮಲಗುವುದು, ಬೆಳಗಾದರೆ ತೊಗರಿಯ ಕುಡಿ ಮೇಯುವುದು. ವಸತಿ, ಊಟ ಎರಡೂ ನಮ್ಮದೇ.

ನಮ್ಮ ಕಡೆ ಇದಕ್ಕೆ ಹೊಲದ ಸುತ್ತ ಹಳೆಯ ಸೀರೆ ಕಟ್ಟುತ್ತಾರೆ. ಗಾಳಿಗೆ ಅದು ಪಟಪಟ ಎಂದರೆ ಯಾರೋ ಇದ್ದಾರೆಂದು ಚಿಗರಿ ಹತ್ತಿರ ಸುಳಿಯುವುದಿಲ್ಲ. ಅಣ್ಣನಿಗೆ ಅದು ಹಳ್ಳಿಗಮಾರರ ಕೆಲಸ. ಬೀದರಿಗೆ ಬಂದು ಸೋಲಾರ್ ಝಟಕಾ ಮಷಿನ್ ಕೊಂಡೊಯ್ದು, ಅಂಗಳದಿಂದಲೇ ಶುರುಮಾಡಿ ಸುತ್ತಲೂ ತಂತಿ ಎಳೆದ.

"ಬಿಸಿಲಿಂದೇ ಕರೆಂಟು. ಪ್ರಾಣಿ ಸಾಯಂಗಿಲ್ಲ, ಖಾಲಿ ಬುದ್ಧಿ ಬರ್ತದ" ಎಂದ.

ಬುದ್ಧಿ ಮೊದಲು ಬಂದದ್ದು ಅವ್ವನಿಗೆ. ಬಟ್ಟೆ ಒಗೆದು ಹೊರಬಂದವಳಿಗೆ ಅಂಗಳದಲ್ಲಿ ಬಿಗಿಯಾಗಿ ಎಳೆದ ಹೊಸ ತಂತಿ ಕಂಡಿತು. ಮಗ ಇಷ್ಟು ವರ್ಷಕ್ಕಾದರೂ ಮನೆಗೆ ಬೇಕಾದದ್ದೊಂದು ಮಾಡಿದನಲ್ಲ ಎಂದು ಹಿಗ್ಗಿ, ಒದ್ದೆ ಸೀರೆಯನ್ನು ಬೀಸಿ ಅದರ ಮೇಲೆ ಹಾಕಿದಳು. ಮರುಕ್ಷಣ ನೆಲದ ಮೇಲೆ ಕೂತಿದ್ದಳು. ಅಂಗೈ ತಿರುಗಿಸಿ ನೋಡಿಕೊಂಡವಳೇ ಬೈಯತೊಡಗಿದಳು. ಅಣ್ಣನಿಗೆ, ಸೂರ್ಯನಿಗೆ, ರಜೆಗೆ ಬಂದು ನಗು ತಡೆಯಲಾರದೆ ನಿಂತ ನನಗೆ, ಎಲ್ಲರಿಗೂ ಸಮನಾಗಿ ಬಿತ್ತು.

"ನನ್ನ ಮನಿಯಾಗ ನಾ ಒಂದು ಸೀರಿ ಒಣಗಸಂಗಿಲ್ಲೇನು?"

ಮಷಿನ್ ಅಟ್ಟ ಸೇರಿತು. ತಂತಿಯ ಮೇಲಿನ ಸೀರೆ ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ, ಅದು ಅಲ್ಲೇ ಉಳಿಯಿತು. ಮರುದಿನ ನೋಡಿದರೆ ಚಿಗರಿ ಎಲ್ಲ ಕಡೆ ಮೇದು, ಆ ಮೂಲೆಯೊಂದನ್ನು ಬಿಟ್ಟಿದ್ದವು. ಅವ್ವ ಒಳಹೋಗಿ ಇನ್ನೆರಡು ಸೀರೆ ತಂದಳು.

ಆಮೇಲೆ ಸೀರೆಯ ವಸೂಲಿ ಶುರುವಾಯಿತು. ನಾನು ನೌಬಾದದಿಂದ ನಮ್ಮತ್ತೆ ಕೊಟ್ಟ ಗುಲಾಬಿ ಸೀರೆಯನ್ನು ಮಹಾ ತ್ಯಾಗವೆಂಬಂತೆ ಒಯ್ದೆ. ಭಾಲ್ಕಿಯ ಅಕ್ಕ ಒಂದು ಗಂಟನ್ನೇ ತಂದಳು. ಎಲ್ಲವೂ ಮದುವೆ, ಮುಂಜಿ, ಮನೆ ಶಾಂತಿಯಲ್ಲಿ ಬಂದು, ಉಡಲೂ ಆಗದೆ ಬಿಡಲೂ ಆಗದೆ ಬಿದ್ದಿದ್ದವು. ಹೊಲ ಸುತ್ತಿದರೆ ನೆಂಟರನ್ನೆಲ್ಲ ಕಂಡುಬಂದಂತಾಗುತ್ತಿತ್ತು. ಒಮ್ಮೆ ಸೋದರತ್ತೆಯೇ ಬಂದು ನಿಂತುಬಿಟ್ಟಳು.

"ಇದು ನಾ ಉಡಿ ತುಂಬಿದ ಸೀರಿ ಅಲ್ಲೇನ್ರಿ ವೈನಿ?"

"ಹೌದ್ರಿ. ಭಾಳ ಗಟ್ಟಿ ಅದ" ಎಂದಳು ಅವ್ವ.

ತೊಗರಿ ಹೂಬಿಡುವ ಹೊತ್ತಿಗೆ ಮೂರು ಕಡೆ ಮುಗಿದು ಹಳ್ಳದ ಕಡೆಗೆ ಸೀರೆ ಸಾಲದಾಯಿತು. ಚಿಗರಿ ಅಲ್ಲಿಂದಲೇ ನುಗ್ಗಿದವು. ಹೂ ಹೋದರೆ ಕಾಯಿ ಇಲ್ಲ, ಕಾಯಿ ಇಲ್ಲದಿದ್ದರೆ ಅಣ್ಣನ ಡ್ರಮ್ಮು ತಿಪ್ಪೆಗೆ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅವ್ವ ಟ್ರಂಕು ತೆರೆದು ಒಂದು ಜರಿಯ ಸೀರೆ ತೆಗೆದಳು. ಅಪ್ಪ ಬೀದರಿನಿಂದ ತಂದು, ಒಳ್ಳೆಯ ದಿನಕ್ಕೆ ಇಡು ಎಂದದ್ದು. ಅಂಥ ದಿನ ಬರುವ ಮೊದಲೇ ಅಪ್ಪ ಹೋದರು, ಸೀರೆ ಮಡಿಕೆ ಬಿಚ್ಚಿರಲಿಲ್ಲ. ನಾನು ಸೀರೆಯ ಮೇಲೆ ಕೈಯಿಟ್ಟೆ.

"ಬ್ಯಾಡವ್ವಾ, ನಾ ಬ್ಯಾರೆ ತರ್ತೇನಿ" ಎಂದೆ.

"ಟ್ರಂಕಿನ್ಯಾಗ ಇದ್ದು ಏನ್ ಮಾಡ್ತದ? ಜರಿ ಹೊಳೀತದ, ಚಿಗರಿ ದೂರಿಂದೇ ನೋಡ್ತಾವ."

ಅಣ್ಣ ಹುಲ್ಲಿನ ಪಟ್ಟಿಯನ್ನೂ ಸೇರಿಸಿ ಕಟ್ಟಹೋದ. ಅವ್ವ ಸೀರೆ ಕಸಿದುಕೊಂಡು, ಹುಲ್ಲನ್ನು ಹೊರಗೇ ಬಿಟ್ಟು ತಾನೇ ಕಟ್ಟಿದಳು.

"ಅದು ಅವಕ್ಕ ಇರ್ಲಿ. ಅವಾದ್ರೂ ಎಲ್ಲಿ ಹೋಗ್ಬೇಕು?"

ರಾಶಿಯಾದ ಮರುದಿನ ನಾನೂ ಅಕ್ಕನೂ ಹೋಗಿದ್ದೆವು. ಗೊಬ್ಬರ ಸುರಿದ ವರ್ಷಗಳಷ್ಟೇ ಬಂದ ತೊಗರಿಯ ಚೀಲಗಳನ್ನು ಅಣ್ಣ ಬೇಕೆಂದೇ ಅವ್ವನ ಕಣ್ಣಿಗೆ ಬೀಳುವಂತೆ ಪಡಸಾಲೆಯಲ್ಲಿ ಒಟ್ಟಿದ್ದ. ಅವ್ವ ಅವನ್ನು ಸುತ್ತಿಕೊಂಡು ಓಡಾಡಿದಳೇ ಹೊರತು ತುಟಿ ಬಿಚ್ಚಲಿಲ್ಲ. ಹೊಲ ಸುತ್ತಿ ಒಂದೊಂದೇ ಸೀರೆ ಬಿಚ್ಚಿದಳು, ಒಗೆದಳು, ಅದೇ ಝಟಕಾ ತಂತಿಯ ಮೇಲೆ ಒಣಹಾಕಿದಳು. ಸಂಜೆ ಮಡಚುತ್ತಾ ಕೂತಳು. ಅಪ್ಪ ತಂದ ಸೀರೆಯ ಬಣ್ಣ ಒಂದು ಮಗ್ಗುಲಿಗೆ ಪೂರ್ತಿ ಹೋಗಿತ್ತು. ಅದನ್ನು ಕೊನೆಗೆ ಮಡಚಿ ಗಂಟಿನ ಮೇಲಿಟ್ಟಳು. ಅಣ್ಣನಿಗೆ ಇನ್ನು ತಡೆಯಲಾಗಲಿಲ್ಲ.

"ಏನರ ಅನ್ನವ್ವಾ!"

ಅವ್ವ ಗಂಟನ್ನು ಅವನ ಕೈಗೆ ಕೊಟ್ಟಳು.

"ಇಲಿ ಕಡಿಲಾರದ ಜಾಗದಾಗ ಇಡು. ಮುಂದಿನ ವರ್ಷಕ್ಕ ಬೇಕಾಗ್ತಾವ."