ಲಾಂಚಿನ ಹಗ್ಗದಕ್ಕ

ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಶಹರಕ್ಕೆಲ್ಲ ಅವಳು ಹಗ್ಗದಕ್ಕ. ಜನರನ್ನು ಹೊಳೆ ದಾಟಿಸುವ ಲಾಂಚು ದಡ ಮುಟ್ಟುವಾಗ ಹಗ್ಗ ಎಸೆಯುವುದು, ಬಿಡುವಾಗ ಸೆಳೆದುಕೊಳ್ಳುವುದು, ಇಷ್ಟರಲ್ಲೇ ಅವಳ ಕೂದಲು ನೆರೆತಿತ್ತು.

ಗಂಡ ಬಂದರಿನ ಕ್ಯಾಂಟೀನಿನಲ್ಲಿ ಅಡುಗೆಯವನು. ಇಬ್ಬರನ್ನೂ ಒಳನಾಡಿನ ತಮ್ಮ ಊರಿಗೆ ಕರೆದೊಯ್ಯಬೇಕೆಂದು ಅವನ ಅಣ್ಣ, ಅಂದರೆ ಅವಳ ಭಾವ, ಪಟ್ಟು ಹಿಡಿದಿದ್ದರು. ಅವರ ಮನೆ ಮಗ್ಗುಲಲ್ಲೇ ಮನೆ, ಅಂಗಡಿಯಲ್ಲಿ ತಮ್ಮನಿಗೆ ಪಾಲು. ಆ ಕಲಸುಮೇಲೋಗರದ ಊರಲ್ಲಿ ನಿಮ್ಮವರು ಅಂತ ಯಾರಿದ್ದಾರೆ ಎಂದು ಫೋನಿನಲ್ಲಿ ಕೇಳಿದವರು, ಉತ್ತರವನ್ನು ಎದುರಿಗೇ ಕೇಳಲು ಬಸ್ಸು ಹತ್ತಿ ಹೊರಟೇಬಿಟ್ಟಿದ್ದರು. ಗಂಡ ಮಹಾರಾಯ 'ನಿನ್ನಿಷ್ಟ' ಎಂದು ಕೈ ತೊಳೆದುಕೊಂಡಿದ್ದ.

ಬಸ್ಸು ನಿಲ್ಲುವುದು ಆಚೆ ದಡದಲ್ಲಿ. ಅಲ್ಲಿ ಹಗ್ಗ ಹಿಡಿಯಲು ಆಳಿಲ್ಲ. ಸಾಲಿನಲ್ಲಿ ಮುಂದಿದ್ದವರು ಯಾರೇ ಆಗಲಿ, ಹಿಡಿದು ಕಂಬಕ್ಕೆ ಸುತ್ತಬೇಕು. ಅದು ಮೊದಲಿನಿಂದ ಬಂದ ರೂಢಿ. ಅವತ್ತು ಮುಂದಿದ್ದವರು ಭಾವ. ಅವಳು ಎಸೆದ ಹಗ್ಗ ಹಿಡಿದು, ಹಸು ಕಟ್ಟುವಂತೆ ಗಂಟಿನ ಮೇಲೆ ಗಂಟು ಬಿಗಿದು, ಹೇಗಿದೆ ನನ್ನ ಕೈಚಳಕ ಎಂಬಂತೆ ನೋಡಿದರು. ಇಲ್ಲಿ ಹಗ್ಗ ಸುತ್ತಬೇಕೇ ಹೊರತು ಗಂಟು ಹಾಕುವಂತಿಲ್ಲ. ಕಡಲ ಇಳಿತದ ನೀರು ಲಾಂಚನ್ನು ಜಗ್ಗಿತು, ಗಂಟು ಕಲ್ಲಾಯಿತು. ಜನ ಹತ್ತಿ ಕೂತರೂ ಲಾಂಚು ಮಿಸುಕಲಿಲ್ಲ. ಭಾವ ಇಂಗು ತಿಂದ ಮಂಗನ ಹಾಗೆ ನಿಂತರು.

ಯಾರೂ ಬೈಯಲಿಲ್ಲ. ಬ್ರೆಡ್ಡಿನ ಭಟ್ಟಿಯವನು ಇಳಿದು ಬಂದು ಗಂಟಿಗೆ ಉಗುರು ಹಾಕಿದ, ನರ್ಸು ಕತ್ತರಿಯ ಮೊನೆ ತೂರಿಸಿದಳು, ಮೀನಿನವಳು ಬುಟ್ಟಿ ಇಳಿಸಿ, ಹಗ್ಗ ಸಡಿಲಾಗಲೆಂದು ಲಾಂಚನ್ನೇ ದಡದತ್ತ ಜಗ್ಗಿದಳು. ಮೂವರದೂ ಮೂರು ಭಾಷೆ, ಮೂರು ದೇವರು, ಹುಟ್ಟಿದ್ದು ಎಲ್ಲೆಲ್ಲೋ. ಗಂಟು ಬಿಚ್ಚಿದ ಮೇಲೆ ಭಟ್ಟಿಯವನು ಭಾವನ ಬೆನ್ನು ತಟ್ಟಿ, ಬಂದ ಹೊಸತರಲ್ಲಿ ತಾನೂ ಇದೇ ಗಂಟು ಹಾಕಿದ್ದೆ ಎಂದ. ನಾನೂ ಎಂದಳು ನರ್ಸು. ಈಚೆ ದಡ ಸೇರುವಷ್ಟರಲ್ಲಿ ಭಾವನಿಗೆ ಗಂಟಣ್ಣ ಎಂದು ನಾಮಕರಣವಾಗಿ, ಕೈಯಲ್ಲಿ ಬಿಸಿ ಬ್ರೆಡ್ಡೂ ಬಂದಿತ್ತು. ಹಗ್ಗದಕ್ಕನ ಎದೆ ಉಬ್ಬಿತು. ಇದು ನನ್ನೂರು ಎಂದು ಕೂಗಿ ಹೇಳಬೇಕೆನಿಸಿತು.

ಊಟಕ್ಕೆ ಕೂತಾಗ ಭಾವ ಮಾತು ತೆಗೆದರು. ಜನ ಒಳ್ಳೆಯವರೇ, ಒಪ್ಪಿದೆ. ಆದರೂ ರಕ್ತಸಂಬಂಧ ಅಂದರೆ ರಕ್ತಸಂಬಂಧವೇ, ಬರುತ್ತೀಯೋ ಇಲ್ಲವೋ ಹೇಳಮ್ಮ ಎಂದರು.

"ಭಾವ, ನಿಮ್ಮೂರಿಗೆ ಬಂದ್ರೆ ಅಕ್ಕರೆಯಿಂದ್ಲೇ ನೋಡ್ಕೋತೀರಿ, ಗೊತ್ತು. ಆದ್ರೆ ಇಲ್ಲಿ ನಾನು ಹಗ್ಗ ಎಸೆಯೋವಾಗ ಆ ಕಡೆ ಯಾರು ನಿಂತಿದ್ದಾರೆ ಅಂತ ನೋಡೋದೇ ಇಲ್ಲ. ಯಾರಾದ್ರೂ ಹಿಡೀತಾರೆ. ನಾನು ಬರಲ್ಲ."

ಗಂಡ ಅಣ್ಣನ ಮುಖ ನೋಡಲಿಲ್ಲ. ಸೌಟು ಎತ್ತಿಕೊಂಡು ಮೊದಲು ಹೆಂಡತಿಯ ತಟ್ಟೆಗೆ ಬಡಿಸಿದ.